2,400 ಫಾಂಟು ತುಂಬಿದ ಕಂಪ್ಯೂಟರಿಗೆ ಫಾಂಟ್ ಮ್ಯಾನೇಜರ್ ಬೇಕೇ? ಅದು ಹುಟ್ಟಿದ್ದಾದರೂ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡಿನ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ, ವಿಂಡೋಸ್ 10 ಕಂಪ್ಯೂಟರು, ಅದರಲ್ಲಿ ಸುಮಾರು 2,400 ಫಾಂಟು. ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ ತೆರೆದುಕೊಳ್ಳಲು ತಡ. ಹಳೆಯ ಮದುವೆ ಕಾಗದವನ್ನೋ ಬ್ರಹ್ಮಕಲಶೋತ್ಸವದ ಆಮಂತ್ರಣವನ್ನೋ ತೆರೆದರೆ ಕನ್ನಡ ಇಲ್ಲವೇ ಮಲಯಾಳ, ಎರಡರಲ್ಲಿ ಒಂದು ಕೆಟ್ಟಿರುತ್ತದೆ. ಫಾಂಟ್ ಮ್ಯಾನೇಜರ್, ಅಂದರೆ ಫಾಂಟುಗಳನ್ನು ಬೇಕಾದಾಗ ತೆರೆದು ಬೇಡದಾಗ ಮುಚ್ಚುವ ಪ್ರೋಗ್ರಾಂ, ಹಾಕಿಕೊಳ್ಳಿ ಎಂದು ಯಾರೋ ಹೇಳಿದ್ದಾರೆ. ಅದು ಯಾಕೆ ಬಂತು, ಈಗಲೂ ಬೇಕೇ ಎಂದು ಕೇಳಿದ್ದೀರಿ.

ಬೇಕು. ಆದರೆ ವೇಗ ಹೆಚ್ಚಿಸಲೆಂದಲ್ಲ. ಅದು ಸಿಕ್ಕರೆ ಲಾಭವೇ. ನಿಮಗೆ ಬೇಕಿರುವುದು ಯಾವ ಕೆಲಸಕ್ಕೆ ಯಾವ ಫಾಂಟು ಎಂಬುದರ ಹಿಡಿತ. ಫಾಂಟನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು ಬೇರೆ, ಬೇಕಾದಾಗ ಆಕ್ಟಿವೇಟ್ ಮಾಡುವುದು, ಅಂದರೆ ಪ್ರೋಗ್ರಾಂಗಳ ಫಾಂಟು ಪಟ್ಟಿಗೆ ತರುವುದು ಬೇರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿದರೆ ನಿಮ್ಮ ತೊಂದರೆಯ ಅರ್ಧ ಕಾರಣ ತಾನಾಗಿ ಹೊಳೆಯುತ್ತದೆ. ಹಾಗಾಗಿ ಮೊದಲು ಹಿಂದಿನ ಕಥೆ.

1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದು 400 ಕೆಬಿಯ ಫ್ಲಾಪಿ. ಆಪರೇಟಿಂಗ್ ಸಿಸ್ಟಂ, ಪ್ರೋಗ್ರಾಂ, ನಿಮ್ಮ ಬರಹ ಎಲ್ಲ ಅದರೊಳಗೇ ಹಿಡಿಯಬೇಕು. ಫಾಂಟುಗಳು ಬೇರೆ ಬೇರೆ ಫೈಲುಗಳಾಗಿ ಇರಲಿಲ್ಲ. ‘ಸಿಸ್ಟಂ’ ಎಂಬ ಒಂದೇ ಫೈಲಿನ ಹೊಟ್ಟೆಯೊಳಗೆ ಕೂತಿದ್ದವು. ಅವೂ ಚುಕ್ಕಿಗಳಿಂದ ಮಾಡಿದ ಅಕ್ಷರಗಳು: 12 ಪಾಯಿಂಟಿಗೆ ಒಂದು, 18ಕ್ಕೆ ಇನ್ನೊಂದು, 24ಕ್ಕೆ ಮತ್ತೊಂದು. ಹೊಸ ಫಾಂಟು ಸೇರಿಸಲು, ತೆಗೆಯಲು ಆಪಲ್ ಕೊಟ್ಟ ಸಾಧನದ ಹೆಸರು ಫಾಂಟ್/ಡಿಎ ಮೂವರ್. ಅದು ಸಿಸ್ಟಂ ಫೈಲನ್ನೇ ಬಿಚ್ಚಿ ಫಾಂಟನ್ನು ಒಳಗೆ ತುರುಕುತ್ತಿತ್ತು. ಹತ್ತು ಕೆಲಸಕ್ಕೆ ಹತ್ತು ಬಗೆಯ ಫಾಂಟು ಬೇಕೆಂದರೆ ಹತ್ತು ಸಲ ತುರುಕಬೇಕು, ಹತ್ತು ಸಲ ಕೀಳಬೇಕು.

ಅದಕ್ಕಿಂತ ದೊಡ್ಡ ತೊಂದರೆ ನಂಬರಿನದು. ಆಗಿನ ಮ್ಯಾಕ್ ಫೈಲುಗಳಲ್ಲಿ ಹಲವು ಫಾಂಟಿನ ಹೆಸರನ್ನಲ್ಲ, ಅದರ ನಂಬರನ್ನು ಬರೆದಿಡುತ್ತಿದ್ದವು. ಇಬ್ಬರು ತಯಾರಕರು ಒಂದೇ ನಂಬರು ಹಾಕಿದ್ದರೆ ಫಾಂಟ್/ಡಿಎ ಮೂವರ್ ಎರಡನೆಯದಕ್ಕೆ ಹೊಸ ನಂಬರು ಕೊಡುತ್ತಿತ್ತು. ಆ ಯಂತ್ರದಲ್ಲಿ ಎಲ್ಲ ಸರಿ. ಅದೇ ಫೈಲನ್ನು ಪ್ರೆಸ್ಸಿನ ಯಂತ್ರದಲ್ಲಿ ತೆರೆದರೆ ಅಲ್ಲಿ ಆ ನಂಬರಿನಲ್ಲಿ ಬೇರಾವುದೋ ಫಾಂಟು ಇರುತ್ತಿತ್ತು. ಅಕ್ಷರ ಬದಲಾಗಿ, ಸಾಲು ಒಡೆದು, ಪುಟ ಓಡಿಹೋಗುತ್ತಿತ್ತು. ನಿಮ್ಮ ಆಮಂತ್ರಣದ ಗೋಳಿಗೂ ಇದಕ್ಕೂ ಇರುವ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ.

80ರ ದಶಕದ ಕೊನೆಯ ಭಾಗದಲ್ಲಿ ಸ್ಟೀವ್ ಬ್ರೆಚರ್ ಬರೆದ ‘ಸೂಟ್‌ಕೇಸ್’ ಬಂತು. ಫಾಂಟು ಕಟ್ಟಿಡುವ ಫೈಲಿಗೆ ಮ್ಯಾಕ್‌ನಲ್ಲಿ ಸೂಟ್‌ಕೇಸಿನ ಚಿತ್ರ ಇತ್ತು, ಹೆಸರು ಅಲ್ಲಿಂದಲೇ. ಫಾಂಟು ಡಿಸ್ಕಿನ ಯಾವ ಮೂಲೆಯಲ್ಲಾದರೂ ಇರಲಿ, ಬೇಕಾದಾಗ ತೆರೆ, ಆದಮೇಲೆ ಮುಚ್ಚು. ಸಿಸ್ಟಂ ಫೈಲನ್ನು ಮುಟ್ಟುವುದೇ ಬೇಡ. ಫಾಂಟ್ ಮ್ಯಾನೇಜರ್ ಎಂಬ ಜಾತಿಯ ಎಲ್ಲ ಪ್ರೋಗ್ರಾಂಗಳ ಜೀವಾಳ ಇವತ್ತಿಗೂ ಇಷ್ಟೇ. ಅದೇ ಕಾಲಕ್ಕೆ ‘ಮಾಸ್ಟರ್‌ಜಗ್ಲರ್’ ಎಂಬ ಎದುರಾಳಿಯೂ ಇತ್ತು. 1992ರ ಸಿಸ್ಟಂ 7.1ರಲ್ಲಿ ಆಪಲ್ ಫಾಂಟುಗಳಿಗೆಂದೇ ಪ್ರತ್ಯೇಕ ಫೋಲ್ಡರ್ ಕೊಟ್ಟಿತು, ಆದರೆ ಅದರಲ್ಲಿ 128 ಫಾಂಟು ಫೈಲುಗಳ ಮಿತಿ ಇತ್ತು. ಹೀಗಾಗಿ ಸೂಟ್‌ಕೇಸಿನ ಅಗತ್ಯ ಮುಗಿಯಲಿಲ್ಲ.

ಈ ನಡುವೆ ಅಕ್ಷರದ ರಚನೆಯೇ ಬದಲಾಯಿತು. 1985ರಲ್ಲಿ ಲೇಸರ್‌ರೈಟರ್ ಪ್ರಿಂಟರ್, ಪೋಸ್ಟ್‌ಸ್ಕ್ರಿಪ್ಟ್, ಪೇಜ್‌ಮೇಕರ್ ಒಟ್ಟಿಗೆ ಬಂದವು. ಪೋಸ್ಟ್‌ಸ್ಕ್ರಿಪ್ಟ್ ಎಂದರೆ ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ; ಅದರ ಟೈಪ್ 1 ಫಾಂಟಿಗೆ ಎರಡು ಭಾಗ: ಪರದೆಗೆ ಚುಕ್ಕಿಯ ಅಕ್ಷರ, ಪ್ರಿಂಟರಿಗೆ ಗೆರೆಯ ಅಕ್ಷರ. ಪರದೆಯಲ್ಲಿ ಒರಟಾಗಿ ಕಂಡದ್ದು ಕಾಗದದಲ್ಲಿ ನಯವಾಗಿ ಬರುತ್ತಿತ್ತು. 1989ರಲ್ಲಿ ಅಡೋಬಿಯ ‘ಅಡೋಬಿ ಟೈಪ್ ಮ್ಯಾನೇಜರ್’ ಬಂದು ಗೆರೆಯ ಅಕ್ಷರವನ್ನೇ ಪರದೆಗೂ ತಂದಿತು. ಎಟಿಎಂ ಎಂದೇ ಪ್ರೆಸ್ಸುಗಳಲ್ಲಿ ಅದರ ರೂಢಿ. ಹೆಸರಲ್ಲಿ ಮ್ಯಾನೇಜರ್ ಇದ್ದರೂ ಅದು ಮೊದಲು ಮಾಡುತ್ತಿದ್ದದ್ದು ಅಕ್ಷರ ಬಿಡಿಸುವ ಕೆಲಸ ಮಾತ್ರ. ಫಾಂಟುಗಳನ್ನು ಗುಂಪು ಮಾಡಿ ಆಕ್ಟಿವೇಟ್ ಮಾಡುವ ಸೌಲಭ್ಯ ಬಂದದ್ದು ಎಟಿಎಂ ಡೀಲಕ್ಸ್ 4ರಲ್ಲಿ.

ವಿಂಡೋಸ್ ದಾರಿ ಬೇರೆ. 1992ರ ವಿಂಡೋಸ್ 3.1ರಲ್ಲಿ ಟ್ರೂಟೈಪ್ ಎಂಬ ಗೆರೆಯ ಅಕ್ಷರದ ಫಾಂಟು ಬಗೆ ಒಳಗೇ ಬಂತು, ಎಟಿಎಂ ಇಲ್ಲದೆಯೂ ನಯವಾದ ಅಕ್ಷರ ಕಂಡಿತು. ವಿಂಡೋಸ್ 95 ಮತ್ತು 98ರಲ್ಲಿ ಫಾಂಟುಗಳ ಪಟ್ಟಿಯೆಲ್ಲ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಒಂದೇ ಕೀಯಲ್ಲಿ, ಅಂದರೆ ಒಂದೇ ವಿಭಾಗದಲ್ಲಿ ಇರುತ್ತಿತ್ತು, ಆ ಕೀಗೆ 64 ಕೆಬಿಯ ಮಿತಿ. ಲೆಕ್ಕ ಹಾಕಿದರೆ ಸುಮಾರು 1,000 ಫಾಂಟು. ಫಾಂಟು ಬೇರೆ ಫೋಲ್ಡರಿನಲ್ಲಿದ್ದರೆ ಪೂರ್ತಿ ದಾರಿಯನ್ನೂ ಅಲ್ಲಿ ಬರೆಯಬೇಕಾದ್ದರಿಂದ ಇನ್ನೂ ಕಡಿಮೆ. ಸಿಡಿಗಟ್ಟಲೆ ಫಾಂಟು ಸಿಗುತ್ತಿದ್ದ ಆ ವರ್ಷಗಳಲ್ಲಿ ಇದು ನಿಜವಾದ ಅಡ್ಡಿಯೇ ಆಗಿತ್ತು. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಆ ಗೋಡೆ ಹೋಯಿತು, ಟೈಪ್ 1 ಓದುವ ಶಕ್ತಿಯೂ ಸಿಸ್ಟಂ ಒಳಗೇ ಬಂತು, ಎಟಿಎಂ ಕೆಲಸ ಮುಗಿಯಿತು. ಮ್ಯಾಕ್‌ನಲ್ಲಿ 2003ರಿಂದ ‘ಫಾಂಟ್ ಬುಕ್’ ಜತೆಗೇ ಬರುತ್ತದೆ. ಸೂಟ್‌ಕೇಸ್ ಕೈಯಿಂದ ಕೈಗೆ ದಾಟಿ ಎಕ್ಸ್‌ಟೆನ್ಸಿಸ್ ಕಂಪನಿಯ ಪಾಲಾಗಿ, ‘ಫಾಂಟ್ ರಿಸರ್ವ್’ ಜತೆ ಸೇರಿ ‘ಸೂಟ್‌ಕೇಸ್ ಫ್ಯೂಷನ್’ ಆಯಿತು.

ಮಿತಿ ಹೋಯಿತು, ಮ್ಯಾನೇಜರ್ ಉಳಿಯಿತು. ಯಾಕೆಂದರೆ ಗೊಂದಲ ಹೋಗಲಿಲ್ಲ, ನಂಬರಿನ ಜಾಗಕ್ಕೆ ಹೆಸರು ಬಂತು, ಅಷ್ಟೇ. ಪ್ರತಿ ಫಾಂಟಿನ ಒಳಗೂ ಒಂದು ಹೆಸರು ಇರುತ್ತದೆ, ಮತ್ತು ಅದು ಫೈಲಿನ ಹೆಸರೇ ಆಗಬೇಕೆಂದಿಲ್ಲ. ಪೇಜ್‌ಮೇಕರ್ ಫೈಲು ನೆನಪಿಡುವುದು ಒಳಗಿನ ಹೆಸರನ್ನು. ಒಂದೇ ಒಳಹೆಸರಿನ ಎರಡು ಆವೃತ್ತಿ ನಿಮ್ಮಲ್ಲಿದ್ದರೆ ಯಾವುದು ಮೇಲೆ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಇಂಗ್ಲಿಷ್ ಕೆಲಸದಲ್ಲಿ ಇದರಿಂದ ಆಗುವುದು ಸಾಲಿನ ಅಳತೆಯ ವ್ಯತ್ಯಾಸ. ಕಾಸರಗೋಡಿನ ಕೆಲಸದಲ್ಲಿ ಭಾಷೆಯೇ ಹೋಗುತ್ತದೆ. ನುಡಿ, ಬರಹ, ಶ್ರೀಲಿಪಿ, ಐಎಸ್‌ಎಂ, ಈ ಟೈಪಿಂಗ್ ಪ್ರೋಗ್ರಾಂಗಳ ಹಳೆಯ ಫಾಂಟುಗಳು ಯೂನಿಕೋಡಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಸಂಕೇತ ಕೊಡುವ ಪದ್ಧತಿಯವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ (ಸಂಕೇತಗಳಲ್ಲಿ) ಕನ್ನಡದ ತುಂಡುಗಳನ್ನು ಕೂರಿಸಿದವು. ನುಡಿಯಲ್ಲಿ ‘ನ’ದ ತುಂಡು ಇರುವುದು ಪೌಂಡ್ ಗುರುತಿನ ಮನೆಯಲ್ಲಿ, ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಬರಹದ ತುಂಬ ಪೌಂಡ್ ಗುರುತು ಕಾಣುವುದು ಅದಕ್ಕೇ. ಮಲಯಾಳದ ಎಂಎಲ್-ಟಿಟಿ ಸರಣಿಯ ಫಾಂಟುಗಳೂ ಅದೇ ಮನೆಗಳಲ್ಲಿ ಕೂತಿವೆ. ಆದ್ದರಿಂದ ಫೈಲು ಕೇಳಿದ ಮಲಯಾಳ ಫಾಂಟು ಸಿಗದೆ ಬೇರೊಂದು ಬಂದರೆ ಅಕ್ಷರದ ಚಂದ ಮಾತ್ರವಲ್ಲ, ಪದವೇ ಅಳಿಸಿದಂತೆ. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಮನೆಗಳು ಬಹುಪಾಲು ಹೊಂದುತ್ತವೆ, ಒಂದರ ಬದಲು ಇನ್ನೊಂದು ಹಾಕಿದರೆ ಓದಬಹುದು. ಶ್ರೀಲಿಪಿಯ ಜಾಗದಲ್ಲಿ ನುಡಿ ಹಾಕಿದರೆ ಓದಲಾಗದು.

ಪೇಜ್‌ಮೇಕರಿನಲ್ಲಿ ಹಳೆಯ ಫೈಲು ತೆರೆಯುವಾಗ ಪ್ಯಾನೋಸ್ ಎಂಬ ಹೆಸರಿನ ಕಿಟಕಿ ಬರುತ್ತದಲ್ಲ, ಅದನ್ನು ಓದದೆ ಓಕೆ ಒತ್ತಬೇಡಿ. ಅದು ಇಲ್ಲದ ಫಾಂಟಿಗೆ ಹತ್ತಿರದ್ದೊಂದನ್ನು ಆರಿಸಿರುತ್ತದೆ, ಆಕಾರದ ಅಂಕಿಗಳನ್ನು ನೋಡಿ. ಆ ಅಂಕಿಗಳಿಗೆ ಕನ್ನಡವೆಂದೋ ಮಲಯಾಳವೆಂದೋ ಗೊತ್ತಿಲ್ಲ. ಕಿಟಕಿಯಲ್ಲಿರುವ ಹೆಸರನ್ನು ಕಾಗದದಲ್ಲಿ ಬರೆದುಕೊಂಡು, ಫೈಲನ್ನು ಸೇವ್ ಮಾಡದೆ ಮುಚ್ಚಿ, ಆ ಫಾಂಟನ್ನು ಆಕ್ಟಿವೇಟ್ ಮಾಡಿ, ಮತ್ತೆ ತೆರೆಯಿರಿ. ಬದಲಿ ಫಾಂಟನ್ನು ಶಾಶ್ವತ ಮಾಡಿ ಸೇವ್ ಮಾಡಿದರೆ ಮೂಲ ಹೆಸರು ಫೈಲಿನಿಂದ ಹೋಗುತ್ತದೆ.

ಈಗ ನಿಮ್ಮ 2,400ಕ್ಕೆ ಬರೋಣ. ಕೆಲಸ ಶುರುಮಾಡುವ ಮೊದಲು ಡಿ ಡ್ರೈವಿನಲ್ಲಿ ‘ಫಾಂಟು ಭಂಡಾರ’ ಎಂದು ಒಂದು ಫೋಲ್ಡರ್ ಮಾಡಿ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನ ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ. ಇನ್ನೊಂದು ಜಾಗವನ್ನೂ ನೋಡಬೇಕು: ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ‘ಇನ್‌ಸ್ಟಾಲ್’ ಎಂದು ಒತ್ತಿದರೆ ಫಾಂಟು ನಿಮ್ಮೊಬ್ಬರ ಖಾತೆಯೊಳಗೆ, ಆ್ಯಪ್‌ಡೇಟಾ – ಲೋಕಲ್ – ಮೈಕ್ರೋಸಾಫ್ಟ್ – ವಿಂಡೋಸ್ – ಫಾಂಟ್ಸ್ ಎಂಬಲ್ಲಿ ಕೂರುತ್ತದೆ. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದರೆ ಮಾತ್ರ ಹಳೆಯ ಜಾಗಕ್ಕೆ ಹೋಗುತ್ತದೆ. ಹಳೆಯ ಪ್ರೋಗ್ರಾಂ ಕೆಲವಕ್ಕೆ ಖಾತೆಯೊಳಗಿನ ಫಾಂಟು ಕಾಣುವುದಿಲ್ಲ. ‘ಇನ್‌ಸ್ಟಾಲ್ ಮಾಡಿದ್ದೇನೆ, ಪಟ್ಟಿಯಲ್ಲಿ ಇಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಕಾಪಿಯಾದ ಮೇಲೆ ಭಂಡಾರದ ಫೈಲುಗಳ ಹೆಸರು ನೋಡಿ. ಕೊನೆಯಲ್ಲಿ ಅಡಿಗೆರೆ ಮತ್ತು ಸೊನ್ನೆ ಅಥವಾ ಒಂದು ಇದ್ದರೆ ಅದು ಎರಡನೇ ಸಲ ಇನ್‌ಸ್ಟಾಲ್ ಆದ ಪ್ರತಿ; ಅದೇ ಹೆಸರಿನ ಫೈಲು ಮೊದಲೇ ಇದ್ದಾಗ ವಿಂಡೋಸ್ ಹೀಗೆ ಬಾಲ ಸೇರಿಸುತ್ತದೆ. ಅವನ್ನು ಕಣ್ಣುಮುಚ್ಚಿ ಅಳಿಸಬೇಡಿ. ಎರಡರ ಗಾತ್ರ ಒಂದೇ ಆದರೆ ಒಂದನ್ನು ಬಿಡಬಹುದು. ಬೇರೆಯಾದರೆ ಅವು ಬೇರೆ ಆವೃತ್ತಿ, ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಡಿ. ಉಳಿದವನ್ನು ಐದು ಗುಂಪು ಮಾಡಿದರೆ ಸಾಕು: ಹಳೆಯ ಕನ್ನಡ, ಹಳೆಯ ಮಲಯಾಳ, ಯೂನಿಕೋಡ್ ಕನ್ನಡ, ಯೂನಿಕೋಡ್ ಮಲಯಾಳ, ಇಂಗ್ಲಿಷ್. ನುಡಿ, ಶ್ರೀಲಿಪಿ, ಬರಹಕ್ಕೆ ಹಳೆಯ ಕನ್ನಡದೊಳಗೆ ಒಳಫೋಲ್ಡರು.

ಆಮೇಲೆ ಹೊರಗಿನಿಂದ ಸೇರಿಸಿದ ಫಾಂಟುಗಳನ್ನು ವಿಂಡೋಸ್‌ನಿಂದ ತೆಗೆದು ಕಡಿಮೆ ಮಾಡಿ. ಸೆಗೋ ಯುಐ, ತಹೋಮಾ, ಏರಿಯಲ್, ಟೈಮ್ಸ್, ಕೊರಿಯರ್, ಮಾರ್ಲೆಟ್, ನಿರ್ಮಲಾ ಯುಐ ಇವುಗಳನ್ನು ಮುಟ್ಟಬಾರದು. ದಿನವೂ ಬಳಸುವ ಹದಿನೈದಿಪ್ಪತ್ತು ಫಾಂಟು ಇರಲಿ. ಮಿಕ್ಕವು ಮ್ಯಾನೇಜರ್ ಮೂಲಕ ಬರಲಿ.

ಯಾವ ಮ್ಯಾನೇಜರ್? ಕೋರೆಲ್‌ಡ್ರಾ ಎಕ್ಸ್8 ಅಥವಾ ಆಮೇಲಿನದು ಇದ್ದರೆ ‘ಕೋರೆಲ್ ಫಾಂಟ್ ಮ್ಯಾನೇಜರ್’ ಜತೆಗೇ ಬಂದಿದೆ. ಅದಕ್ಕೆ ಮೊದಲಿನವುಗಳಲ್ಲಿ ಬಿಟ್‌ಸ್ಟ್ರೀಮ್‌ನ ‘ಫಾಂಟ್ ನ್ಯಾವಿಗೇಟರ್’ ಇರುತ್ತಿತ್ತು. ಹೊರಗಿನಿಂದ ಬೇಕಾದರೆ ನೆಕ್ಸಸ್‌ಫಾಂಟ್ ಅಥವಾ ಫಾಂಟ್‌ಬೇಸ್. ಹಳೆಯ ಯಂತ್ರಕ್ಕೆ ನಾನು ನೆಕ್ಸಸ್‌ಫಾಂಟ್ ಅನ್ನೇ ಹೇಳುತ್ತೇನೆ, ಹಗುರ. ಎಲ್ಲದರ ಒಳಗುಟ್ಟು ಒಂದೇ: ಫಾಂಟು ಇದ್ದಲ್ಲೇ ಇರುತ್ತದೆ, ಪ್ರೋಗ್ರಾಂ ವಿಂಡೋಸ್‌ಗೆ ‘ಈ ಫೈಲನ್ನು ಈಗ ಪಟ್ಟಿಗೆ ಸೇರಿಸು’ ಎನ್ನುತ್ತದೆ, ಬಳಿಕ ತೆರೆದಿರುವ ಪ್ರೋಗ್ರಾಂಗಳಿಗೆಲ್ಲ ಪಟ್ಟಿ ಬದಲಾಗಿದೆ ಎಂಬ ಸುದ್ದಿ ಹೋಗುತ್ತದೆ. ಆ ಸುದ್ದಿಗೆ ಕಿವಿಗೊಡದ ಹಳೆಯ ಪ್ರೋಗ್ರಾಂಗಳಿವೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಗುಂಪನ್ನು ಆಕ್ಟಿವೇಟ್ ಮಾಡಿ, ಆಮೇಲೆ ಪೇಜ್‌ಮೇಕರ್ ತೆರೆಯಿರಿ. ಹೀಗೆ ಸೇರಿಸಿದ ಫಾಂಟು ಕಂಪ್ಯೂಟರ್ ಆಫ್ ಆದರೆ ಪಟ್ಟಿಯಿಂದ ಹೋಗುತ್ತದೆ. ಮರುದಿನ ಮ್ಯಾನೇಜರ್ ಮತ್ತೆ ತೆರೆಯಲೇಬೇಕು. ಭಂಡಾರವನ್ನು ಪೆನ್ ಡ್ರೈವಿನಲ್ಲಿ ಇಟ್ಟರೆ ಡ್ರೈವಿನ ಅಕ್ಷರ ಬದಲಾದ ದಿನ ಗುಂಪುಗಳೆಲ್ಲ ಖಾಲಿ ಕಾಣುತ್ತವೆ, ಹಾಗೆ ಮಾಡಬೇಡಿ. ಎರಡು ಮ್ಯಾನೇಜರನ್ನು ಒಂದೇ ಯಂತ್ರದಲ್ಲಿ ಓಡಿಸಲೂಬೇಡಿ.

ಇಷ್ಟಾದ ಮೇಲೂ ತೆಗೆದ ಫಾಂಟು ಕಾಣುತ್ತಿದ್ದರೆ, ಅಕ್ಷರಗಳು ಚೌಕಗಳಾದರೆ, ಫಾಂಟ್ ಕ್ಯಾಶ್ (ವಿಂಡೋಸ್ ಫಾಂಟಿನ ವಿವರ ಕೂಡಿಟ್ಟುಕೊಳ್ಳುವ ಫೈಲುಗಳು) ಕೆಟ್ಟಿರಬಹುದು. ಸರ್ವಿಸಸ್ ತೆರೆದು ‘ವಿಂಡೋಸ್ ಫಾಂಟ್ ಕ್ಯಾಶ್ ಸರ್ವಿಸ್’ ನಿಲ್ಲಿಸಿ. ವಿಂಡೋಸ್ – ಸರ್ವಿಸ್‌ಪ್ರೊಫೈಲ್ಸ್ – ಲೋಕಲ್‌ಸರ್ವಿಸ್ – ಆ್ಯಪ್‌ಡೇಟಾ – ಲೋಕಲ್ – ಫಾಂಟ್‌ಕ್ಯಾಶ್ ಫೋಲ್ಡರಿನ ಫೈಲುಗಳನ್ನೂ, ಸಿಸ್ಟಂ32ರಲ್ಲಿರುವ ಎಫ್‌ಎನ್‌ಟಿಕ್ಯಾಶ್ ಡಾಟ್ ಡಿಎಟಿಯನ್ನೂ ಅಳಿಸಿ, ಸರ್ವಿಸ್ ಮತ್ತೆ ಚಾಲೂ ಮಾಡಿ ಯಂತ್ರ ರೀಸ್ಟಾರ್ಟ್ ಮಾಡಿ. ಅವು ತಾವಾಗಿ ಹೊಸದಾಗಿ ಹುಟ್ಟುತ್ತವೆ.

ನಿಮ್ಮಲ್ಲಿ ಪಿಎಫ್‌ಬಿ, ಪಿಎಫ್‌ಎಂ ಜೋಡಿ ಫೈಲುಗಳಿದ್ದರೆ ಅವು ಟೈಪ್ 1. ಜೋಡಿ ಮುರಿಯಬೇಡಿ: ಮೊದಲನೆಯದರಲ್ಲಿ ಅಕ್ಷರದ ಗೆರೆ, ಎರಡನೆಯದರಲ್ಲಿ ಅಳತೆ. ಅಡೋಬಿ 2023ರ ಜನವರಿಯಲ್ಲಿ ತನ್ನ ಹೊಸ ಪ್ರೋಗ್ರಾಂಗಳಿಂದ ಟೈಪ್ 1 ಬೆಂಬಲ ತೆಗೆಯಿತು, ಲಿಬ್ರೆಆಫೀಸ್ 5.3ರಲ್ಲೇ ಬಿಟ್ಟಿತ್ತು. ಫಾಂಟ್‌ಫೋರ್ಜ್‌ನಲ್ಲಿ ಓಪನ್‌ಟೈಪ್‌ಗೆ ಬದಲಿಸಬಹುದು, ಆದರೆ ಬದಲಿಸಿದ ಬಳಿಕ ಒತ್ತಕ್ಷರಗಳಿರುವ ಒಂದು ಪುಟವನ್ನು ಹಳೆಯ ಪ್ರಿಂಟಿನ ಜತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಮನೆ ಒಂದು ಸರಿದರೂ ಮೊದಲು ಕೆಡುವುದು ಒತ್ತಕ್ಷರವೇ.

ಶಾಲೆಗಳಿಂದ ಬರುವ ಕೆಲಸಕ್ಕೆ ಒಂದು ಮಾತು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಇರುವುದರಿಂದ ಕನ್ನಡ ಮಾಧ್ಯಮದ ಶಾಲೆಗಳೂ ಸಂಚಿಕೆಯ ಬರಹವನ್ನು ಲಿಬ್ರೆಆಫೀಸಿನಲ್ಲಿ ಯೂನಿಕೋಡಿನಲ್ಲೇ ಕೊಡುತ್ತವೆ. ಫೈಲ್ – ಪ್ರಾಪರ್ಟೀಸ್ – ಫಾಂಟ್ ಎಂಬಲ್ಲಿ ‘ಎಂಬೆಡ್ ಫಾಂಟ್ಸ್’ ಗುರುತು ಹಾಕಿ ಕಳಿಸಲು ಅಧ್ಯಾಪಕರಿಗೆ ಹೇಳಿದರೆ ಫಾಂಟು ಫೈಲಿನೊಳಗೇ ಬರುತ್ತದೆ. ಆದರೆ ಆ ಬರಹವನ್ನು ಪೇಜ್‌ಮೇಕರಿಗೆ ಅಂಟಿಸಿದರೆ ಅಕ್ಷರ ಕೂಡುವುದಿಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬಾರದು. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಂಡು ಮಾಡಿ. ಮಲಯಾಳದ ಚಿಲ್ಲಕ್ಷರಗಳ (ಸ್ವರವಿಲ್ಲದ ವ್ಯಂಜನಗಳ) ಜಾಗದಲ್ಲಿ ಚೌಕ ಬಂದರೆ ಫಾಂಟು ಹಳೆಯದು: ಚಿಲ್ಲುಗಳಿಗೆ ಸ್ವಂತ ಸಂಕೇತ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ, ಅದಕ್ಕೆ ಮೊದಲಿನ ಫಾಂಟುಗಳಲ್ಲಿ ಅವು ಇಲ್ಲ. ರಚನಾ, ಮೀರಾ ಅಥವಾ ಮಂಜರಿಯ ಈಗಿನ ಆವೃತ್ತಿ ಹಾಕಿ.

ಪ್ರತಿ ಕೆಲಸ ಮುಗಿದಾಗ ಅದರ ಫೋಲ್ಡರಿನಲ್ಲಿ ಮೂಲ ಫೈಲು, ಪಿಡಿಎಫ್, ಬಳಸಿದ ಫಾಂಟುಗಳ ಪ್ರತಿ ಮೂರೂ ಇರಲಿ. ಇನ್‌ಡಿಸೈನ್‌ನಲ್ಲಿ ‘ಪ್ಯಾಕೇಜ್’ ಮಾಡಿದರೆ ‘ಡಾಕ್ಯುಮೆಂಟ್ ಫಾಂಟ್ಸ್’ ಎಂಬ ಫೋಲ್ಡರ್ ತಾನೇ ಆಗುತ್ತದೆ, ಮುಂದೆ ತೆರೆಯುವಾಗ ಆ ಫೈಲಿಗೆ ಮಾತ್ರ ಅವು ಆಕ್ಟಿವೇಟ್ ಆಗುತ್ತವೆ. ಪೇಜ್‌ಮೇಕರ್, ಕೋರೆಲ್‌ಗೆ ಕೈಯಿಂದಲೇ ಹಾಕಬೇಕು. ಕೋರೆಲ್‌ನಲ್ಲಿ ಪ್ರೆಸ್ಸಿಗೆ ಕೊಡುವಾಗ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡುತ್ತೀರಲ್ಲ (ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿಸುವುದು), ಅದನ್ನು ಪ್ರತಿಯಲ್ಲಿ ಮಾತ್ರ ಮಾಡಿ; ಕರ್ವ್ ಆದ ಅಕ್ಷರವನ್ನು ತಿದ್ದಲಾಗದು, ಮುಂದಿನ ವರ್ಷದ ಜಾತ್ರೆಗೆ ತಾರೀಕು ಬದಲಿಸಲು ಮೂಲವೇ ಬೇಕಾಗುತ್ತದೆ.