ಸಲಹೆಗಾರರಿಗೆ ವರ್ಷಕ್ಕೆ ಶೇಕಡಾ 1 ಶುಲ್ಕ ಕೊಡುವುದು ಲಾಭವೇ, ನಾವೇ ಹೂಡಿಕೆ ಮಾಡುವುದೇ?
ಶುಲ್ಕವನ್ನು ಒಟ್ಟು ಹೂಡಿಕೆಯ ಮೇಲೆ ಲೆಕ್ಕ ಹಾಕುವುದರಿಂದ ಶೇಕಡಾ 1 ಎಂಬುದು ಚಿಕ್ಕದಾಗಿ ಕಾಣುತ್ತದೆ. ಅದನ್ನು ಹೋಲಿಸಬೇಕಾದದ್ದು ಗಳಿಕೆಯೊಂದಿಗೆ. ವರ್ಷಕ್ಕೆ ಶೇಕಡಾ 7ರಂತೆ ಬೆಳೆಯುವ ಹಣ 30 ವರ್ಷಗಳಲ್ಲಿ ಸುಮಾರು 7.6 ಪಟ್ಟಾದರೆ, ಶುಲ್ಕ ಕಳೆದು ಶೇಕಡಾ 6ರಂತೆ ಬೆಳೆದದ್ದು 5.7 ಪಟ್ಟಷ್ಟೇ ಆಗುತ್ತದೆ, ಅಂದರೆ ಕೊನೆಯ ಮೊತ್ತದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೈತಪ್ಪುತ್ತದೆ. ಹೂಡಿಕೆಗೆ ಬಳಸುವ ಆ್ಯಪ್ ಅಥವಾ ಜಾಲತಾಣದ (ಪ್ಲಾಟ್‌ಫಾರ್ಮ್) ಶುಲ್ಕ, ಫಂಡಿನ ನಿರ್ವಹಣಾ ವೆಚ್ಚ ಬೇರೆ (ಇವು ಸ್ವಂತ ಹೂಡಿಕೆಯಲ್ಲೂ ಪೂರ್ತಿ ತಪ್ಪುವುದಿಲ್ಲ). ಕಡಿಮೆ ವೆಚ್ಚದ ಸೂಚ್ಯಂಕ ಫಂಡಿನಲ್ಲಿ (ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಫಂಡು) ಪ್ರತಿ ತಿಂಗಳು ಹಣ ತೊಡಗಿಸಿ ಸುಮ್ಮನಿರಬಲ್ಲವರಿಗೆ ಸಲಹೆಗಾರರ ಅಗತ್ಯ ನನಗೆ ಕಾಣುವುದಿಲ್ಲ. ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಎಲ್ಲವನ್ನೂ ಮಾರಿಬಿಡುವ ಸ್ವಭಾವದವರು ಮಾತ್ರ ಹಲವು ವರ್ಷಗಳ ಶುಲ್ಕಕ್ಕಿಂತ ಹೆಚ್ಚಿನದನ್ನು ಒಂದೇ ಸಲಕ್ಕೆ ಕಳೆದುಕೊಳ್ಳಬಹುದಾದ್ದರಿಂದ, ಅವರನ್ನು ತಡೆಯುವವರೊಬ್ಬರು ಬೇಕು. ತೆರಿಗೆ, ಉಯಿಲಿನಂಥ ತೊಡಕುಗಳಿಗಾದರೆ ಕಮಿಷನ್ ಪಡೆಯದೆ, ಒಂದು ಸಲಕ್ಕೆ ಇಷ್ಟೆಂದು ನಿಗದಿತ ಶುಲ್ಕ ತೆಗೆದುಕೊಳ್ಳುವವರನ್ನು ಹುಡುಕುವುದು ಲೇಸು.