ತಂದೆ ವೆಂಟಿಲೇಟರ್ ಮೇಲಿದ್ದಾರೆ: ಅಕ್ಯುಪಂಕ್ಚರ್ ಮಾಡಿಸಲೋ, ಕರೆಂಟ್ ಕೊಡಿಸಲೋ?

ನಿಮ್ಮ ತಂದೆ ಪುಣೆಯ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ, ತೊಡೆ ದಿನದಿನಕ್ಕೂ ಸೊರಗುತ್ತಿದೆ ಅಂದಿದ್ದೀರಿ. ನೆಂಟರು ಅಕ್ಯುಪಂಕ್ಚರ್ ಅನ್ನುತ್ತಾರೆ, ಆಸ್ಪತ್ರೆಯವರು ಸ್ನಾಯುಗಳಿಗೆ ಕರೆಂಟ್ ಕೊಡೋಣ ಅನ್ನುತ್ತಾರೆ. ನಾನು ಬೆಳಗಾವಿಯವಳು, ಪುಣೆಯಲ್ಲೇ ಐಸಿಯು ಫಿಸಿಯೋಥೆರಪಿಸ್ಟ್. ನೀವು ನನ್ನ ಅಣ್ಣನಾಗಿದ್ದರೆ ಹೇಳುತ್ತಿದ್ದುದನ್ನೇ ಹೇಳುತ್ತೇನೆ.

ಸೊರಗುತ್ತಿರುವುದು ನಿಜ. 2013ರಲ್ಲಿ ಲಂಡನ್ನಿನ ತಂಡವೊಂದು ಐಸಿಯು ರೋಗಿಗಳ ತೊಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗ, 10 ದಿನದಲ್ಲಿ ಮುಂಭಾಗದ ಸ್ನಾಯು ಸರಾಸರಿ ಶೇ. 18ರಷ್ಟು ಕರಗಿತ್ತು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೂ ಇದೇ ಗತಿ. ಉಸಿರಾಟವನ್ನೆಲ್ಲ ಯಂತ್ರವೇ ಮಾಡಿದರೆ ಅದು ಕೆಲವೇ ದಿನಗಳಲ್ಲಿ ತೆಳ್ಳಗಾಗುತ್ತದೆ.

ಕರೆಂಟ್ ಅಂದರೆ ಹೆದರಬೇಡಿ. ಮಂಡಿಗಿಂತ ಸ್ವಲ್ಪ ಮೇಲೊಂದು, ತೊಡೆಯ ಮೇಲ್ಭಾಗದಲ್ಲೊಂದು ಅಂಟುವ ಪ್ಯಾಡ್ ಹಾಕಿ ಕರೆಂಟನ್ನು ನಿಧಾನವಾಗಿ ಏರಿಸುತ್ತೇವೆ. ಸ್ನಾಯು ಗಟ್ಟಿಯಾಗಿ ಉಬ್ಬಬೇಕು, ಮಂಡಿಚಿಪ್ಪು ಮೇಲಕ್ಕೆ ಸರಿಯಬೇಕು, ಆಮೇಲೆ ಸಡಿಲಾಗಬೇಕು. ಬರೀ ಚರ್ಮ ಅದುರಿದರೆ ಏನೂ ಪ್ರಯೋಜನವಿಲ್ಲ, ಹತ್ತಿರ ನಿಂತು ನೀವೇ ನೋಡಬಹುದು. ಕಾಲಿಗೆ ನೀರು ತುಂಬಿದ್ದರೆ, ಸೋಂಕು ರಕ್ತಕ್ಕೇರಿದ್ದರೆ, ಬಿಪಿ ಏರಿಸುವ ಔಷಧಿ ನಡೆಯುತ್ತಿದ್ದರೆ ಎಷ್ಟು ಕೊಟ್ಟರೂ ಸ್ನಾಯು ಸರಿಯಾಗಿ ಕುಗ್ಗದೆ ಇರಬಹುದು. ಪೇಸ್‌ಮೇಕರ್ ಇದ್ದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ. ಅಧ್ಯಯನಗಳ ಫಲಿತಾಂಶ ಮಿಶ್ರ: ಕೆಲವದರಲ್ಲಿ ಶಕ್ತಿ ಉಳಿದಿದೆ, ಕೆಲವದರಲ್ಲಿ ವ್ಯತ್ಯಾಸ ಕಂಡಿಲ್ಲ. ಪ್ರಜ್ಞೆ ಇಲ್ಲದ ದಿನಗಳಲ್ಲಿ ಕೊಡಿಸಿ, ಆದರೆ ಅದರಿಂದಲೇ ವೆಂಟಿಲೇಟರ್ ಬಿಡುತ್ತದೆ ಅಂತ ನಂಬಿ ಕೂರಬೇಡಿ.

ಅಕ್ಯುಪಂಕ್ಚರ್ ಸದ್ಯಕ್ಕೆ ಬೇಡ. ಮಹಾರಾಷ್ಟ್ರದಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಇದೆ, ಆ ವಿದ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಐಸಿಯುನಲ್ಲಿ ಬಹುತೇಕರಿಗೆ ರಕ್ತ ತೆಳುವಾಗಿಸುವ ಇಂಜೆಕ್ಷನ್ ನಡೆಯುತ್ತಿರುತ್ತದೆ, ಸೂಜಿ ಚುಚ್ಚಿದಲ್ಲಿ ರಕ್ತ ಬೇಗ ನಿಲ್ಲದೆ ಹೋಗಬಹುದು. ಎದೆಯ ಹತ್ತಿರ ಸೂಜಿ ತಪ್ಪಿ ಶ್ವಾಸಕೋಶಕ್ಕೆ ತಾಗಿದರೆ, ಒತ್ತಿ ಗಾಳಿ ತುಂಬುವ ಯಂತ್ರದ ಮೇಲಿರುವವರಿಗೆ ಅದು ಪ್ರಾಣಕ್ಕೇ ಅಪಾಯ. ಇಷ್ಟು ಅಪಾಯಕ್ಕೆ ತಕ್ಕ ಪುರಾವೆ ಇಲ್ಲ. ಐಸಿಯು ವೈದ್ಯರಿಗೆ ತಿಳಿಸದೆ ಹೊರಗಿನವರನ್ನಂತೂ ಕರೆಸಲೇಬೇಡಿ.

ನೀವು ನಿಜಕ್ಕೂ ಕೇಳಬೇಕಾದ್ದು ಬೇರೆಯೇ ಇದೆ: "ದಿನಕ್ಕೊಮ್ಮೆ ನಿದ್ದೆ ಔಷಧಿ ನಿಲ್ಲಿಸಿ ನೋಡ್ತೀರಾ? ಎಚ್ಚರಾದಾಗ ವ್ಯಾಯಾಮ ಮಾಡಿಸ್ತೀರಾ?" 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ 104 ರೋಗಿಗಳ ಅಧ್ಯಯನದಲ್ಲಿ ಹೀಗೆ ವ್ಯಾಯಾಮ ಬೇಗ ಶುರುಮಾಡಿದವರಲ್ಲಿ ಶೇ. 59 ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು, ಉಳಿದವರಲ್ಲಿ ಶೇ. 35 ಮಾತ್ರ. ಹಾಗಂತ ಅವಸರವೂ ಬೇಡ. 2022ರ ದೊಡ್ಡ ಅಧ್ಯಯನದಲ್ಲಿ ಮಾಮೂಲಿಗಿಂತ ಹೆಚ್ಚು ಮಾಡಿಸಿದ್ದರಿಂದ ಲಾಭವಾಗಲಿಲ್ಲ, ತೊಂದರೆಗಳು ಹೆಚ್ಚಾದವು.

ಇನ್ನೊಂದು ಮಾತು, ನಮ್ಮ ಕನ್ನಡದವರಿಗಷ್ಟೇ. ಅರೆಎಚ್ಚರದಲ್ಲಿರುವ ಹಿರಿಯರಿಗೆ ನರ್ಸ್ ಮರಾಠಿಯಲ್ಲಿ "ಪಾಯ್ ಹಲವಾ" (ಕಾಲು ಆಡಿಸಿ) ಅಂದರೆ ತಲೆಗೆ ಹೋಗುವುದಿಲ್ಲ, ಚಾರ್ಟಿನಲ್ಲಿ "ಹೇಳಿದ್ದು ಕೇಳುತ್ತಿಲ್ಲ" ಅಂತ ಬೀಳುತ್ತದೆ. ನಾನು ಹೋಗಿ "ಅಜ್ಜಾರ, ಕಾಲ ಎತ್ರಿ" ಅಂದಾಗ ಹಿಮ್ಮಡಿ ಹಾಸಿಗೆಯಿಂದ ಮೇಲೆದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಣ್ಣ ತೆಗೀರಿ, ಕೈ ಹಿಡೀರಿ, ಕಾಲ ಎತ್ರಿ, ಉಸಿರ ಎಳೀರಿ: ಇಷ್ಟು ಕನ್ನಡ ಮಾತನ್ನು ಸಿಸ್ಟರ್ ಓದುವಂತೆ ದೇವನಾಗರಿ ಲಿಪಿಯಲ್ಲಿ ದೊಡ್ಡದಾಗಿ ಬರೆದು ಇವತ್ತೇ ಸಿಸ್ಟರ್ ಕೈಗೆ ಕೊಡಿ. ಭೇಟಿಯ ಹೊತ್ತಲ್ಲಿ ಫಿಸಿಯೋ ಬಂದಿದ್ದರೆ ಪಕ್ಕದಲ್ಲಿ ನಿಂತು ನೀವೇ ಹೇಳಿ.