ಅಳಿಸಿದ ವಿಳಾಸ ಮರುದಿನ ಮತ್ತೆ ಬರುತ್ತಿದೆಯೇ? ಬರೆಯುತ್ತಿರುವವರು ಯಾರು ನೋಡಿ

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು ಒಂದೇ ವಿಂಡೋಸ್ ಸರ್ವರ್. ಡೊಮೇನ್, ಡಿಎನ್ಎಸ್, ಲೆಕ್ಕದ ಸಾಫ್ಟ್‌ವೇರ್ ಎಲ್ಲವೂ ಅದರಲ್ಲೇ. ಅದಕ್ಕೆ 192.168.10.5 ಅಂತ ಸ್ಟ್ಯಾಟಿಕ್ ಐಪಿ ಕೊಟ್ಟಿದ್ದೇವೆ. ಕೆಳಗಿನ ಮಹಡಿಯ ಕಂಪ್ಯೂಟರ್‌ಗಳೂ 192.168.10 ನೆಟ್‌ವರ್ಕಿನಲ್ಲಿವೆ, ಅಲ್ಲಿ ಏನೂ ತೊಂದರೆ ಇಲ್ಲ. ಮೇಲಿನ ಮಹಡಿಯದು 192.168.20. ಅಲ್ಲಿ ಸಾಫ್ಟ್‌ವೇರ್ ಒಮ್ಮೆ ತಕ್ಷಣ ತೆರೆಯುತ್ತದೆ, ಒಮ್ಮೆ ಸುಮ್ನೆ ಸುತ್ತುತ್ತಾ ಕೂರುತ್ತದೆ. ಡಿಎನ್ಎಸ್ ತೆರೆದು ನೋಡಿದರೆ ಸರ್ವರ್ ಹೆಸರಿನ ಮುಂದೆ ಇನ್ನೊಂದು ವಿಳಾಸವೂ ಇದೆ, 192.168.1.34. ಅದನ್ನು ಅಳಿಸಿದೆ. ಮರುದಿನ ಮತ್ತೆ ಬಂತು. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗಿನಲ್ಲಿ ಡಿಎನ್ಎಸ್‌ಗೆ ರಿಜಿಸ್ಟರ್ ಮಾಡುವ ಟಿಕ್ ಕೂಡ ತೆಗೆದೆ. ಆದರೂ ಬರುತ್ತಿದೆ. ಸ್ಟ್ಯಾಟಿಕ್ ಕೊಟ್ಟ ಮೇಲೂ ಹೀಗಾಗುವುದು ಹೇಗೆ?

ಉತ್ತರ: ನೀವು ಟಿಕ್ ತೆಗೆಯುವವರೆಗೆ ಹೋಗಿದ್ದೀರಿ, ಅಂದರೆ ಅರ್ಧ ದಾರಿ ಮುಗಿದಿದೆ. ಉಳಿದ ಅರ್ಧ ಹೇಳುತ್ತೇನೆ.

ಮೊದಲು ಒಂದು ಮಾತು. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಕೊಟ್ಟಿರುವುದು ಸರ್ವರ್‌ಗಲ್ಲ, ಅದರ ಒಂದು ನೆಟ್‌ವರ್ಕ್ ಕಾರ್ಡಿಗೆ. ಡಿಎನ್ಎಸ್ ಎನ್ನುವುದು ಬೇರೆಯೇ ಒಂದು ಪುಸ್ತಕ. ಅದರಲ್ಲಿ ಯಾವ ಹೆಸರಿನ ಮುಂದೆ ಯಾವ ವಿಳಾಸ ಬರೆದಿದೆಯೋ ಅದನ್ನೇ ಅದು ಕೇಳಿದವರಿಗೆ ಹೇಳುತ್ತದೆ. ಆ ಪುಸ್ತಕದಲ್ಲಿ ನೀವೊಬ್ಬರೇ ಬರೆಯುತ್ತಿಲ್ಲ.

ಹಿಂದೆ ಹೀಗಿರಲಿಲ್ಲ. ಇಂಟರ್ನೆಟ್‌ಗೆ ಮೊದಲಿದ್ದ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರೂ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಎಸ್ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಾರೆ ತಿದ್ದುತ್ತಿತ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಆಗಲೂ ದಾಖಲೆ ಬರೆಯುವವರು ಮನುಷ್ಯರೇ. 1997ರಲ್ಲಿ ಆರ್‌ಎಫ್‌ಸಿ 2136 ಎಂಬ ಇಂಟರ್ನೆಟ್ ನಿಯಮಪತ್ರ ಬಂದ ಮೇಲೆ ಯಂತ್ರಗಳು ತಮ್ಮ ವಿಳಾಸವನ್ನು ತಾವೇ ಬರೆಯುವುದಕ್ಕೆ ದಾರಿಯಾಯಿತು. ವಿಂಡೋಸ್ 2000ದಿಂದ ಈಚೆಗೆ ನಮ್ಮ ಆಫೀಸುಗಳಲ್ಲಿ ನಡೆಯುತ್ತಿರುವುದು ಅದೇ. ಅನುಕೂಲ ದೊಡ್ಡದು. ಆದರೆ ತಪ್ಪು ಬರೆಯುವ ಯಂತ್ರ ಅದನ್ನೇ ದಿನವೂ ಬರೆಯುತ್ತದೆ. ನೀವು ಅಳಿಸುತ್ತೀರಿ, ಅದು ಬರೆಯುತ್ತದೆ. ಆದ್ದರಿಂದ ಅಳಿಸುವುದು ಕೊನೆಯ ಕೆಲಸ. ಮೊದಲು ಬರೆಯುತ್ತಿರುವವರನ್ನು ಹಿಡಿಯಬೇಕು.

192.168.1.34 ಎಲ್ಲಿಂದ ಬಂತು? ಮನೆ, ಆಫೀಸಿನ ಬ್ರಾಡ್‌ಬ್ಯಾಂಡ್ ರೌಟರ್‌ಗಳು ಹೆಚ್ಚಾಗಿ ಹಂಚುವುದು 192.168.1 ಸಾಲಿನ ವಿಳಾಸಗಳನ್ನೇ. ಸರ್ವರ್ ಹಿಂದೆ ಹೋಗಿ ನೋಡಿ. ಎರಡು ಲ್ಯಾನ್ ಪೋರ್ಟ್ ಇರುತ್ತವೆ. ಒಂದು ನಿಮ್ಮ ಸ್ವಿಚ್ಚಿಗೆ ಹೋಗಿದ್ದರೆ ಇನ್ನೊಂದು ರೌಟರ್‌ಗೆ ಹೋಗಿರಬಹುದು. ಸರ್ವರ್‌ಗೆ ಇಂಟರ್ನೆಟ್ ಬೇಕು ಎಂದು ಯಾರೋ ಯಾವಾಗಲೋ ಚುಚ್ಚಿದ ಕೇಬಲ್ ಅದು. ಖಚಿತ ಮಾಡಿಕೊಳ್ಳಲು ಸರ್ವರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಡಿ. ಯಾವ ಕಾರ್ಡಿನ ಕೆಳಗೆ 34 ಇದೆಯೋ ಅದೇ ಈ ತೊಂದರೆಯ ಮೂಲ. ಡಿಎಚ್‌ಸಿಪಿ ಎನೇಬಲ್ಡ್ ಎಂಬ ಸಾಲಿನಲ್ಲಿ ‘ಯೆಸ್’ ಅಂತಲೂ ಇರುತ್ತದೆ. ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ.

ಕೆಳಗಿನ ಮಹಡಿಯವರಿಗೆ ಯಾಕೆ ತೊಂದರೆ ಇಲ್ಲ ಎನ್ನುವುದು ನಿಮ್ಮ ಪತ್ರದ ಮುಖ್ಯ ಸುಳಿವು. ಒಂದು ಹೆಸರಿಗೆ ಎರಡು ವಿಳಾಸ ಇದ್ದಾಗ ವಿಂಡೋಸ್ ಡಿಎನ್ಎಸ್ ಮೊದಲು ಕೇಳಿದವರು ಯಾವ ನೆಟ್‌ವರ್ಕಿನವರು ಎಂದು ನೋಡುತ್ತದೆ. ಅದೇ ನೆಟ್‌ವರ್ಕಿನ ವಿಳಾಸ ಇದ್ದರೆ ಅದನ್ನು ಮೇಲಕ್ಕೆ ಇಡುತ್ತದೆ. ಇದಕ್ಕೆ ನೆಟ್‌ಮಾಸ್ಕ್ ಆರ್ಡರಿಂಗ್ ಎನ್ನುತ್ತಾರೆ. ಕೆಳಗಿನವರು 192.168.10ರವರು, ಅವರಿಗೆ ಯಾವಾಗಲೂ 10.5 ಮೊದಲು ಸಿಗುತ್ತದೆ. ಮೇಲಿನವರು 192.168.20ರವರು. ಅವರ ನೆಟ್‌ವರ್ಕಿನ ವಿಳಾಸ ಎರಡರಲ್ಲಿ ಒಂದೂ ಅಲ್ಲ. ಅಂಥವರಿಗೆ ಡಿಎನ್ಎಸ್ ಸರದಿಯಂತೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಮೊದಲು ಕೊಡುತ್ತದೆ. 34 ಮೊದಲು ಬಂದಾಗ ಕಂಪ್ಯೂಟರ್ ಅದರ ಬಾಗಿಲು ತಟ್ಟುತ್ತಾ ಕಾಯುತ್ತದೆ. ‘ಸುತ್ತುತ್ತಾ ಕೂರುವುದು’ ಎಂದು ನೀವು ಬರೆದಿದ್ದು ಇದನ್ನೇ. ಅಂದರೆ ನಿಮ್ಮ ಸ್ವಿಚ್, ಕೇಬಲ್, ಸಾಫ್ಟ್‌ವೇರ್ ಯಾವುದರಲ್ಲೂ ದೋಷ ಇಲ್ಲ. ಸುಮ್ನೆ ಅವನ್ನು ಬದಲಾಯಿಸಿ ಸಂಘದ ದುಡ್ಡು ಖರ್ಚು ಮಾಡಬೇಡಿ.

ಈಗ ಟಿಕ್ ತೆಗೆದರೂ ಮತ್ತೆ ಬಂದಿದ್ದು ಯಾಕೆ? ಬೇರೆ ಸರ್ವರ್ ಆಗಿದ್ದರೆ ಅಷ್ಟು ಸಾಕಾಗುತ್ತಿತ್ತು. ನಿಮ್ಮದು ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಕೂಡ, ಡಿಎನ್ಎಸ್ ಸರ್ವರ್ ಕೂಡ. ಹಾಗಾಗಿ ಆ ಒಂದೇ ಪೆಟ್ಟಿಗೆಯೊಳಗೆ ಬರೆಯುವವರು ಮೂವರಿದ್ದಾರೆ. ಒಂದು, ಡಿಎನ್ಎಸ್ ಕ್ಲೈಂಟ್ ಸೇವೆ. ನೀವು ಟಿಕ್ ತೆಗೆದು ನಿಲ್ಲಿಸಿದ್ದು ಇದನ್ನು. ಇನ್ನೊಂದು, ಡೊಮೇನ್ ಲಾಗಿನ್ ನೋಡಿಕೊಳ್ಳುವ ನೆಟ್‌ಲಾಗನ್ ಸೇವೆ. ಇದು ಡೊಮೇನ್ ಹೆಸರಿನ ಮುಂದೆಯೇ ವಿಳಾಸ ಬರೆಯುತ್ತದೆ. ಮತ್ತೊಂದು, ಡಿಎನ್ಎಸ್ ಸರ್ವರ್ ಸೇವೆ. ತಾನು ಯಾವ್ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆಯೋ ಆ ಎಲ್ಲವನ್ನೂ ತನ್ನ ಹೆಸರಿನ ಮುಂದೆ ಬರೆದುಕೊಳ್ಳುತ್ತದೆ. ಮೊದಲಿನಿಂದ ಅದಕ್ಕಿರುವ ಸೆಟ್ಟಿಂಗ್ ಎಲ್ಲ ಕಾರ್ಡುಗಳಲ್ಲೂ ಕೇಳು ಅಂತ. ಹಾಗಾಗಿ 34 ಮತ್ತೆ ಮತ್ತೆ ಹುಟ್ಟುತ್ತಿದೆ.

ಅದನ್ನು ಹೀಗೆ ನಿಲ್ಲಿಸಿ. ಡಿಎನ್ಎಸ್ ಮ್ಯಾನೇಜರ್ ತೆರೆದು ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಇಂಟರ್‌ಫೇಸಸ್ ಎಂಬ ಮೊದಲ ಟ್ಯಾಬ್‌ನಲ್ಲಿ ‘ಆಲ್ ಐಪಿ ಅಡ್ರೆಸಸ್’ ಬಿಟ್ಟು ‘ಓನ್ಲಿ ದ ಫಾಲೋಯಿಂಗ್’ ಆರಿಸಿ, 192.168.10.5 ಮಾತ್ರ ಉಳಿಸಿ. ಎರಡನೇ ಕಾರ್ಡಿನ ಟಿಕ್ ತೆಗೆದದ್ದು ಹಾಗೇ ಇರಲಿ. ಇದಾದ ಮೇಲೆ 34ರ ದಾಖಲೆ ಅಳಿಸಿ. ಸರ್ವರ್ ಹೆಸರಿನ ಮುಂದೆ ಇರುವುದನ್ನಷ್ಟೇ ಅಲ್ಲ, ಅದೇ ಪಟ್ಟಿಯಲ್ಲಿ ‘ಸೇಮ್ ಆ್ಯಸ್ ಪೇರೆಂಟ್ ಫೋಲ್ಡರ್’ ಎಂದು ಕಾಣುವ ಸಾಲುಗಳಲ್ಲೂ 34 ಇದ್ದರೆ ಅದನ್ನೂ ಅಳಿಸಿ. ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಆ ಸಾಲು ಡೊಮೇನ್ ಹೆಸರಿನದೇ ಆದ್ದರಿಂದ ಲಾಗಿನ್ ನಿಧಾನ, ಗ್ರೂಪ್ ಪಾಲಿಸಿ ಬಾರದಿರುವುದು ಇಂಥ ತೊಂದರೆಗಳು ಅಲ್ಲಿಂದ ಹುಟ್ಟುತ್ತವೆ. 10.5ರ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಕೈತಪ್ಪಿ ಅಳಿಸಿದರೆ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್ಎಸ್’ ಕೊಟ್ಟು ನೆಟ್‌ಲಾಗನ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿ, ಮತ್ತೆ ಬರುತ್ತವೆ.

ಸರಿಹೋಯಿತಾ ಎಂದು ತಿಳಿಯಲು ಮರುದಿನದವರೆಗೆ ಕಾಯುವುದು ಬೇಡ. ಕಚೇರಿ ಮುಗಿದ ಮೇಲೆ ಡಿಎನ್ಎಸ್ ಸರ್ವರ್ ಮತ್ತು ನೆಟ್‌ಲಾಗನ್ ಎರಡು ಸೇವೆಗಳನ್ನೂ ರೀಸ್ಟಾರ್ಟ್ ಮಾಡಿ, ಪಟ್ಟಿಯನ್ನು ರಿಫ್ರೆಶ್ ಮಾಡಿ ನೋಡಿ. 34 ಬಾರದಿದ್ದರೆ ಗೆದ್ದಿರಿ. ಆಮೇಲೆ ಮೇಲಿನ ಮಹಡಿಯ ಕಂಪ್ಯೂಟರ್‌ಗಳಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’ ಕೊಡಿ. ಹಳೆಯ ಉತ್ತರ ಅವುಗಳ ನೆನಪಿನಲ್ಲಿ ಸ್ವಲ್ಪ ಹೊತ್ತು ಇರುತ್ತದೆ, ಅಲ್ವಾ? ಪರೀಕ್ಷೆ ಮಾಡುವಾಗ ಪಿಂಗ್ ಒಂದನ್ನೇ ನಂಬಬೇಡಿ. ಪಿಂಗ್ ಕಂಪ್ಯೂಟರ್‌ನ ನೆನಪು, ಅದರೊಳಗಿನ ಹೋಸ್ಟ್ಸ್ ಫೈಲ್ ಎರಡನ್ನೂ ಬಳಸುತ್ತದೆ. ‘ಎನ್ಎಸ್‌ಲುಕಪ್’ ನೇರವಾಗಿ ಡಿಎನ್ಎಸ್ ಸರ್ವರನ್ನೇ ಕೇಳುತ್ತದೆ. ಎರಡರ ಉತ್ತರ ಬೇರೆ ಬೇರೆ ಬಂದರೆ ದೋಷ ಇರುವುದು ಆ ಕಂಪ್ಯೂಟರಿನಲ್ಲಿ, ಸರ್ವರ್‌ನಲ್ಲಲ್ಲ.

ನನ್ನನ್ನು ಕೇಳಿದರೆ ಆ ಎರಡನೇ ಕೇಬಲ್ಲನ್ನೇ ಕಿತ್ತುಬಿಡಿ, ಕಾರ್ಡನ್ನು ಡಿಸೇಬಲ್ ಮಾಡಿ. ಡೊಮೇನ್ ಕಂಟ್ರೋಲರ್‌ಗೆ ಎರಡು ನೆಟ್‌ವರ್ಕಿನಲ್ಲಿ ಕಾಲು ಇರಬಾರದು. ಅದರಲ್ಲೂ ಜನರ ಠೇವಣಿ ಲೆಕ್ಕ ಇರುವ ಯಂತ್ರ ಬ್ರಾಡ್‌ಬ್ಯಾಂಡ್ ರೌಟರ್‌ಗೆ ನೇರ ಕೂತಿರುವುದು ನನಗೆ ಭಯ ಹುಟ್ಟಿಸುತ್ತದೆ. ಇಂಟರ್ನೆಟ್ ಬೇಕಿದ್ದರೆ ಫೈರ್‌ವಾಲ್ ಮೂಲಕ ಬರಲಿ. ಇನ್ನೊಂದು ತಪ್ಪು ಇದರ ಜೊತೆಗೇ ಇರುತ್ತದೆ. ಸರ್ವರ್‌ನ ಕಾರ್ಡಿನಲ್ಲಿ ಡಿಎನ್ಎಸ್ ಜಾಗಕ್ಕೆ ಗೂಗಲ್‌ನ ಸಾರ್ವಜನಿಕ ಡಿಎನ್ಎಸ್ ಆದ 8.8.8.8 ಅಥವಾ ರೌಟರ್ ವಿಳಾಸ ಹಾಕಿರುತ್ತಾರೆ. ಅಲ್ಲಿ ಸರ್ವರ್‌ನದೇ ವಿಳಾಸ ಇರಬೇಕು. 8.8.8.8 ಬೇಕಿದ್ದರೆ ಡಿಎನ್ಎಸ್ ಮ್ಯಾನೇಜರ್‌ನ ಫಾರ್ವರ್ಡರ್ಸ್ ಟ್ಯಾಬ್‌ನಲ್ಲಿ ಹಾಕಿ.

ನಿಮ್ಮದೇ ಲಕ್ಷಣ ಇದ್ದರೂ ಕಾರಣ ಬೇರೆ ಇರುವ ಓದುಗರೂ ಇರುತ್ತಾರೆ. ಅವರಿಗಾಗಿ ಎರಡು ಮಾತು. ತಪ್ಪು ದಾಖಲೆಯ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಟ್ಯಾಬ್, ಅದರೊಳಗೆ ಅಡ್ವಾನ್ಸ್‌ಡ್ ಒತ್ತಿದರೆ ದಾಖಲೆಯ ಓನರ್ ಯಾರು ಎಂದು ಕಾಣುತ್ತದೆ. ಆ ಸರ್ವರ್‌ನದೇ ಹೆಸರಿನ ಕೊನೆಗೆ ಡಾಲರ್ ಗುರುತು ಇದ್ದರೆ ಬರೆದದ್ದು ಅದರದೇ ಯಾವುದೋ ಕಾರ್ಡ್. ಆ ಕಾರ್ಡ್ ನಿಜವಾದ ಕಾರ್ಡೇ ಆಗಬೇಕೆಂದಿಲ್ಲ. ವಿಳಾಸ 192.168.56.1 ಎಂದಿದ್ದರೆ ಕೇಬಲ್ ಹುಡುಕಬೇಡಿ. ಅದು ಆ ಯಂತ್ರದಲ್ಲಿ ಹಾಕಿರುವ ವರ್ಚುವಲ್‌ಬಾಕ್ಸ್ ತಂತ್ರಾಂಶ ತಾನೇ ಮಾಡಿಕೊಂಡ ಕಾರ್ಡ್. ಅದರ ಟಿಕ್ ತೆಗೆದರೆ ಮುಗಿಯಿತು. ಓನರ್ ಜಾಗದಲ್ಲಿ ಡಿಎಚ್‌ಸಿಪಿ ಸರ್ವರ್‌ನ ಖಾತೆ ಇದ್ದರೆ ಕಥೆ ಬೇರೆ.

ಅದು ನನಗೇ ಆದ ಅನುಭವ. ಒಂದು ಶಾಲೆಯ ಕಚೇರಿಗೆ ಹೊಸ ಸರ್ವರ್ ಇಟ್ಟೆ. ವಿಂಡೋಸ್ ಹಾಕುವಾಗ ಅದಕ್ಕೆ ಡಿಎಚ್‌ಸಿಪಿಯಿಂದ ಒಂದು ವಿಳಾಸ ಬಂದಿತ್ತು. ಅದೇ ಇರಲಿ ಎಂದು ಆ ವಿಳಾಸವನ್ನೇ ಸ್ಟ್ಯಾಟಿಕ್ ಆಗಿ ಟೈಪ್ ಮಾಡಿದೆ. ಒಂದು ವಾರ ಎಲ್ಲ ಚೆನ್ನಾಗಿತ್ತು. ಎಂಟನೇ ದಿನ ಬೆಳಗ್ಗೆ ಫೋನ್ ಬಂತು, ಸರ್ವರ್ ಸಿಗುತ್ತಿಲ್ಲ ಎಂದು. ಹೋಗಿ ನೋಡಿದರೆ ಡಿಎನ್ಎಸ್‌ನಲ್ಲಿ ಅದರ ಹೆಸರೇ ಇಲ್ಲ. ವಿಂಡೋಸ್ ಡಿಎಚ್‌ಸಿಪಿಯ ಗುತ್ತಿಗೆ ಅವಧಿ, ಅಂದರೆ ಒಂದು ವಿಳಾಸವನ್ನು ಎರವಲು ಕೊಡುವ ಕಾಲ, ಬದಲಾಯಿಸದಿದ್ದರೆ 8 ದಿನ. ಅಲ್ಲಿನ ಡಿಎಚ್‌ಸಿಪಿಗೆ ಹೆಸರನ್ನೂ ತಾನೇ ಬರೆಯುವಂತೆ ಸೆಟ್ಟಿಂಗ್ ಇತ್ತು. ಅವಧಿ ಮುಗಿಯಿತು, ತಾನು ಬರೆದದ್ದನ್ನು ತಾನೇ ಅಳಿಸಿತು. ಅದರ ಪ್ರಕಾರ ಅದು ಮಾಡಿದ್ದು ಸರಿ. ಅವತ್ತಿನಿಂದ ನಾನು ಸ್ಟ್ಯಾಟಿಕ್ ವಿಳಾಸ ಹಾಕುವ ಮೊದಲು ‘ಐಪಿಕಾನ್ಫಿಗ್ /ರಿಲೀಸ್’ ಕೊಟ್ಟು, ಡಿಎಚ್‌ಸಿಪಿಯಲ್ಲಿ ಆ ಗುತ್ತಿಗೆ ಅಳಿಸಿ, ಆ ವಿಳಾಸವನ್ನು ಹಂಚುವ ಪಟ್ಟಿಯಿಂದ ಹೊರಗಿಡುತ್ತೇನೆ. ಹೊರಗಿಡದಿದ್ದರೆ ನಾಳೆ ಅದೇ ವಿಳಾಸ ಇನ್ಯಾರದೋ ಲ್ಯಾಪ್‌ಟಾಪ್‌ಗೂ ಹೋಗಬಹುದು.

ಕೆಲವರು ಸ್ಕ್ಯಾವೆಂಜಿಂಗ್ ಆನ್ ಮಾಡಿದರೆ ತಪ್ಪು ದಾಖಲೆ ತಾನಾಗಿ ಹೋಗುತ್ತದೆ ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಹೋಗುವುದಿಲ್ಲ. ಅದು ತೆಗೆಯುವುದು ಯಾರೂ ನವೀಕರಿಸದೆ ಬಿಟ್ಟ ದಾಖಲೆಗಳನ್ನು. ಬದಲಾಯಿಸದಿದ್ದರೆ 7 ದಿನ, ಮತ್ತೆ 7 ದಿನ ಕಾಯುತ್ತದೆ. ನಿಮ್ಮ 34ನ್ನು ಸರ್ವರೇ ಮತ್ತೆ ಮತ್ತೆ ಹೊಸದು ಮಾಡುತ್ತಿದೆ.

ಪ್ರಶ್ನೆ: ನಮ್ಮ ಅಡಿಕೆ ವ್ಯಾಪಾರದ ವೆಬ್‌ಸೈಟನ್ನು ಸ್ಟ್ಯಾಟಿಕ್ ಐಪಿ ಇರುವ ಹೊಸ ಸರ್ವರ್‌ಗೆ ಸಾಗಿಸಿದೆವು. ಡೊಮೇನ್‌ನ ಎ ರೆಕಾರ್ಡ್ ಬದಲಾಯಿಸಿ ನಾಲ್ಕು ದಿನ ಆಯಿತು. ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ಸೈಟ್ ಬರುತ್ತದೆ, ಮೊಬೈಲ್ ಡೇಟಾದಲ್ಲಿ ಹಳೆಯದೇ. ‘48 ಗಂಟೆ ಕಾಯಿರಿ’ ಎಂದಿದ್ದರು, ಕಾದಾಯಿತು. — ಸಿರ್ಸಿಯಿಂದ ಒಬ್ಬ ಓದುಗರು

ಉತ್ತರ: ಇನ್ನು ಕಾಯಬೇಡಿ. ನೀವು ಬದಲಾಯಿಸಿದ್ದು ಎ ರೆಕಾರ್ಡ್ ಒಂದನ್ನೇ. ಅದು ಐಪಿವಿ4, ಅಂದರೆ ಹಳೆಯ ಬಗೆಯ ವಿಳಾಸ. ಅದೇ ಹೆಸರಿಗೆ ಹೊಸ ಬಗೆಯ ಐಪಿವಿ6 ವಿಳಾಸ ಹೇಳುವ ಕ್ವಾಡ್ ಎ, ಅಂದರೆ ಎಎಎಎ ರೆಕಾರ್ಡ್ ಹಳೆಯ ಕಂಪನಿಯದ್ದೇ ಉಳಿದಿದೆ ಎಂದು ನನ್ನ ಅನಿಸಿಕೆ. ನಮ್ಮಲ್ಲಿ ಮೊಬೈಲ್ ಡೇಟಾ ಹೆಚ್ಚಾಗಿ ಐಪಿವಿ6ನಲ್ಲಿ ಹೋಗುತ್ತದೆ. ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ6 ಇಲ್ಲದಿರಬಹುದು. ಎರಡೂ ತಮಗೆ ಸಿಕ್ಕ ವಿಳಾಸಕ್ಕೆ ಸರಿಯಾಗಿಯೇ ಹೋಗುತ್ತಿವೆ. ಕಂಪ್ಯೂಟರ್‌ನಲ್ಲಿ ‘ಎನ್ಎಸ್‌ಲುಕಪ್’ ಕೊಟ್ಟು ನಿಮ್ಮ ಡೊಮೇನ್ ಹೆಸರು ಬರೆಯಿರಿ. ಚುಕ್ಕೆಗಳ ವಿಳಾಸದ ಜೊತೆಗೆ ಕೋಲನ್‌ಗಳಿರುವ ಉದ್ದದ ವಿಳಾಸ ಬಂದರೆ ಅದೇ ಇದು. ಹೊಸ ಸರ್ವರ್‌ಗೆ ಐಪಿವಿ6 ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಆ ಸಾಲನ್ನೇ ತೆಗೆಯಿರಿ.

48 ಗಂಟೆಯ ಮಾತು ಸುಳ್ಳಲ್ಲ, ಆದರೆ ಅದು ಬೇರೆ ಸಂದರ್ಭದ್ದು. ಡಾಟ್ ಕಾಮ್ ಡೊಮೇನ್‌ಗಳ ನೇಮ್ ಸರ್ವರ್ ಬದಲಾಯಿಸಿದಾಗ ಹಳೆಯ ಉತ್ತರ 1,72,800 ಸೆಕೆಂಡ್, ಅಂದರೆ ಎರಡು ದಿನ ಉಳಿಯಬಹುದು. ಎ ರೆಕಾರ್ಡ್ ಬದಲಾಯಿಸಿದಾಗ ಲೆಕ್ಕಕ್ಕೆ ಬರುವುದು ಆ ಸಾಲಿನದೇ ಟಿಟಿಎಲ್, ಅಂದರೆ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬಹುದು ಎಂಬ ಲೆಕ್ಕ. ಮುಂದೆ ಸಾಗಿಸುವಾಗ ಎರಡು ದಿನ ಮೊದಲೇ ಟಿಟಿಎಲ್ಲನ್ನು 300 ಸೆಕೆಂಡಿಗೆ ಇಳಿಸಿಡಿ, ಐದು ನಿಮಿಷದಲ್ಲಿ ಕೆಲಸ ಆಗುತ್ತದೆ.

ಪ್ರಶ್ನೆ: ಕಚೇರಿಯಲ್ಲೇ ಮೇಲ್ ಸರ್ವರ್ ಇಟ್ಟಿದ್ದೇವೆ. ಬ್ರಾಡ್‌ಬ್ಯಾಂಡ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ತಗೊಂಡಿದ್ದೇವೆ. ಜಿಮೇಲ್‌ಗೆ ಕಳಿಸಿದ ಮೇಲ್ ವಾಪಸ್ ಬರುತ್ತಿದೆ, ಪಿಟಿಆರ್ ಇಲ್ಲ ಎನ್ನುತ್ತಿದೆ. ನಮ್ಮ ಡಿಎನ್ಎಸ್‌ನಲ್ಲಿ ಪಿಟಿಆರ್ ಸೇರಿಸಿದರೂ ಅದೇ ದೂರು. — ಹುಬ್ಬಳ್ಳಿಯಿಂದ

ಉತ್ತರ: ನೀವು ಸೇರಿಸಿದ್ದನ್ನು ಹೊರಗಿನವರು ಯಾರೂ ಓದುವುದಿಲ್ಲ. ಹೆಸರಿನಿಂದ ವಿಳಾಸ ಹೇಳುವ ಹಕ್ಕು ಡೊಮೇನ್ ಕೊಂಡ ನಿಮ್ಮದು. ವಿಳಾಸದಿಂದ ಹೆಸರು ಹೇಳುವ ಸಾಲು ಪಿಟಿಆರ್. ಅದರ ಹಕ್ಕು ಆ ವಿಳಾಸದ ಒಡೆಯರದು, ಅಂದರೆ ಬ್ರಾಡ್‌ಬ್ಯಾಂಡ್ ಕಂಪನಿಯದು. ಅವರಿಗೆ ಮೇಲ್ ಬರೆದು, ನಿಮ್ಮ ಸ್ಟ್ಯಾಟಿಕ್ ಐಪಿಗೆ ನಿಮ್ಮ ಮೇಲ್ ಸರ್ವರ್‌ನ ಪೂರ್ತಿ ಹೆಸರಿನ ಪಿಟಿಆರ್ ಹಾಕಿಕೊಡಿ ಎಂದು ಕೇಳಿ. ಸ್ಟ್ಯಾಟಿಕ್ ಐಪಿ ಗ್ರಾಹಕರಿಗೆ ಇದನ್ನು ಮಾಡಿಕೊಡುವುದು ರೂಢಿ. ಅದೇ ಹೆಸರಿನ ಎ ರೆಕಾರ್ಡ್ ತಿರುಗಿ ಅದೇ ಐಪಿಗೆ ಬರುವಂತೆ ನಿಮ್ಮ ಕಡೆ ನೋಡಿಕೊಳ್ಳಿ. ಗೂಗಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮದಲ್ಲಿ ಎರಡೂ ಹೊಂದಬೇಕು ಎಂದಿದೆ. ಕಂಪನಿಯವರು ಹಾಕಿದೆವು ಎಂದ ಮೇಲೆ ನಿಮ್ಮ ಕಚೇರಿಯ ಡಿಎನ್ಎಸ್ ಬಿಟ್ಟು ‘ಎನ್ಎಸ್‌ಲುಕಪ್’ ಮುಂದೆ ನಿಮ್ಮ ಐಪಿ, ಅದರ ಮುಂದೆ 8.8.8.8 ಬರೆದು ನೋಡಿ. ಹೊರಗಿನವರಿಗೆ ಏನು ಕಾಣುತ್ತಿದೆಯೋ ಅದು ಅಲ್ಲಿ ಗೊತ್ತಾಗುತ್ತದೆ.